ಮೇಕೆಗೂ ಕಣ್ಣು ಬರೆದಿದ್ದೆ

2019ರ ರಂಜಾನ್ ತಿಂಗಳಿಗೆಂದು ನಾನು ಬರೆದ ಒಂದು ಚಿತ್ರದ ವಿಷಯವನ್ನು ಇಷ್ಟು ವರ್ಷಗಳ ನಂತರ ಬರೆಯುತ್ತಿದ್ದೇನೆ. ಕೊಲ್ಲಿಯ ಹಳೆಯ ಬಂದರೊಂದರ ಸಂಜೆಯನ್ನು ಅದರಲ್ಲಿ ತೋರಿಸಿದ್ದೆ. ಮರದ ಹಾಯಿಹಡಗು ದಡಕ್ಕೆ ಬಂದಿದೆ, ಖರ್ಜೂರದ ಬುಟ್ಟಿಗಳು ಇಳಿಯುತ್ತಿವೆ, ಒಬ್ಬ ಮುದುಕ ತಕ್ಕಡಿ ಹಿಡಿದು ನಿಂತಿದ್ದಾನೆ, ಇಬ್ಬರು ಹುಡುಗರು ಕಿತ್ತಾಡುತ್ತಿದ್ದಾರೆ, ಗೋಡೆಯ ಬುಡದಲ್ಲಿ ಒಂದು ಮೇಕೆ ಗೋಣಿಚೀಲಕ್ಕೆ ಬಾಯಿ ಹಾಕಿದೆ. ಬಲತುದಿಯಲ್ಲಿ ಮೂಟೆ ಹೊತ್ತ ಒಬ್ಬ ಕಪ್ಪು ಹಮಾಲಿ. ಎಲ್ಲರೂ ಅದನ್ನು ಮೆಚ್ಚಿದರು. ಚಿತ್ರಕಾರರ ನಮ್ಮ ಆನ್‌ಲೈನ್ ಗುಂಪು ಆ ವರ್ಷ ಅಚ್ಚು ಹಾಕಿಸಿದ ಕಿರುಪುಸ್ತಕದ ನಡುಪುಟದಲ್ಲಿ ಅದು ಬಂತು.

ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ದಿನ ಸುಡಾನಿನ ರಾಜಧಾನಿ ಖಾರ್ತೂಮಿನ ಚಿತ್ರಗಾರ್ತಿಯೊಬ್ಬರು ನನಗೆ ಖಾಸಗಿಯಾಗಿ ಒಂದು ಸಾಲು ಕಳಿಸಿದರು: "ಹಬೀಬ್ತಿ (ಪ್ರೀತಿಯವಳೇ), ಇವನ ಕಣ್ಣೆಲ್ಲಿ?" ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಮಾಲಿಯ ಮುಖವನ್ನು ಒಂದೇ ಬ್ರಷ್ಷಿನಲ್ಲಿ, ಒಂದೇ ಕಪ್ಪಿನಲ್ಲಿ ತುಂಬಿಬಿಟ್ಟಿದ್ದೆ. ತುಟಿಗೆ ಮಾತ್ರ ಒಂದು ದಪ್ಪ ಗೆರೆ ಇತ್ತು. ಕಣ್ಣು, ಹುಬ್ಬು, ಮೂಗಿನ ನೆರಳು ಯಾವುದೂ ಇರಲಿಲ್ಲ. "ಅವನು ನೆರಳಿನಲ್ಲಿದ್ದಾನೆ" ಎಂದು ಉತ್ತರಿಸಿದೆ. ಅವರು ಅದಕ್ಕೆ ಬರೆದದ್ದು ಹೀಗೆ: "ಸೂರ್ಯ ಎಡಗಡೆ ಮುಳುಗುತ್ತಿದ್ದಾನೆ. ಈ ಮನುಷ್ಯನ ಮುಖವೂ ಎಡಗಡೆಗೇ ಇದೆ. ಅವನ ಕಾಲ ಬಳಿಯ ಮೇಕೆಯ ಕಣ್ಣಿನಲ್ಲಿ ನೀವು ಬೆಳಕಿನ ಚುಕ್ಕೆಯನ್ನೂ ಇಟ್ಟಿದ್ದೀರಿ." ಮೇಕೆಯ ಕಣ್ಣಿಗೆ ನಾನು ಎಷ್ಟು ಹೊತ್ತು ಕೊಟ್ಟಿದ್ದೆ ಎಂಬುದು ನನಗೆ ನೆನಪಿತ್ತು, ಅಡ್ಡಗೆರೆಯಂತಹ ಅದರ ಪಾಪೆಯನ್ನು ಸರಿಯಾಗಿ ಮೂಡಿಸಲು ಊರಿನಿಂದ ಮೇಕೆಯ ಫೋಟೋ ತರಿಸಿಕೊಂಡಿದ್ದೆ. ಅವರಿಗೆ ಧನ್ಯವಾದ ಹೇಳಿದೆ. ತಿದ್ದಲು ಒಂದು ರಾತ್ರಿ ಪೂರ್ತಿ ಇತ್ತು. ತಿದ್ದಲಿಲ್ಲ. ಪುಸ್ತಕ ಹಾಗೆಯೇ ಅಚ್ಚಾಯಿತು.

ನಾನು ಯಲ್ಲಾಪುರದ ಕಡೆಯವಳು. ಶಾರ್ಜಾದಲ್ಲಿ ನೆಲೆಸಿ ಹದಿಮೂರು ವರ್ಷವಾಯಿತು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ನಾನು ಹೇಳುತ್ತಿರುವ ಗುಂಪಿನಲ್ಲಿ ಆಗ ಸುಮಾರು ನಾನೂರು ಮಂದಿ ಇದ್ದರು. ಹೆಚ್ಚಿನವರು ಕೈರೋ, ಬೈರೂತ್, ಅಮ್ಮಾನ್, ಬಾಗ್ದಾದ್, ಟ್ಯೂನಿಸ್‌ಗಳ ಅರಬ್ ಚಿತ್ರಕಾರರು. ಕೊಲ್ಲಿಯಲ್ಲಿ ದುಡಿಯುವ ನನ್ನಂತಹ ಹತ್ತಾರು ಭಾರತೀಯರು, ಪಾಕಿಸ್ತಾನಿಗಳು. ಸುಡಾನಿನವರು, ಸೊಮಾಲಿಯಾದವರು, ಈಜಿಪ್ಟಿನ ದಕ್ಷಿಣದ ಕಪ್ಪು ಜನರಾದ ನೂಬಿಯನ್ನರು ಎಲ್ಲ ಸೇರಿ ಇಪ್ಪತ್ತನ್ನೂ ದಾಟುತ್ತಿರಲಿಲ್ಲ. ಮೂವರು ಅಡ್ಮಿನ್‌ಗಳಲ್ಲಿ ನಾನೊಬ್ಬಳಾಗಿದ್ದೆ. ಗುಂಪಿನ ಮೇಲೆ ನನಗೆ ಬಹಳ ಅಕ್ಕರೆ ಇತ್ತು, ಇಂದಿಗೂ ಇದೆ. ಪರದೇಶದಲ್ಲಿ ಕೆಲಸವಿಲ್ಲದೆ ಕುಳಿತ ದಿನಗಳಲ್ಲಿ ನನ್ನ ಕೈ ಹಿಡಿದವರು ಆ ಜನ. ಮುಂದಿನ ಮಾತುಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮಂಡಿಯೂರಿ ಕೊಂದ ಸುದ್ದಿ ಎಲ್ಲರಿಗೂ ತಿಳಿದಿದೆ. ಜೂನ್ 2ರಂದು ಜಗತ್ತಿನಾದ್ಯಂತ ಜನ ತಮ್ಮ ಖಾತೆಗಳಲ್ಲಿ ಕಪ್ಪು ಚೌಕಗಳನ್ನು ಹಾಕಿಕೊಂಡರು, ನಾವೂ ಹಾಕಿಕೊಂಡೆವು. ಅರಬ್ ದೇಶಗಳ ಕೆಲವು ಗಾಯಕಿಯರು, ನಟಿಯರು ತಮ್ಮ ಮುಖಕ್ಕೆ ಕಪ್ಪು ಬಣ್ಣ ಬಳಿದ ಅಥವಾ ಕಂಪ್ಯೂಟರಿನಲ್ಲಿ ಚರ್ಮವನ್ನು ಕಪ್ಪಾಗಿಸಿದ ಫೋಟೋಗಳನ್ನು ಬೆಂಬಲವೆಂದು ಪ್ರಕಟಿಸಿದ್ದು ಆ ವಾರದಲ್ಲೇ. ಅದನ್ನು ನೋಡಿ ನಮ್ಮ ಗುಂಪಿನ ಒಬ್ಬ ಸದಸ್ಯೆ ತನ್ನನ್ನು ಕಪ್ಪು ಮೈಬಣ್ಣ, ಗುಂಗುರು ಕೂದಲು, ದಪ್ಪ ತುಟಿಯೊಂದಿಗೆ ಬರೆದುಕೊಂಡು ಹಾಕಿದಳು. ನೂರಾರು ಮಂದಿ ಮೆಚ್ಚಿದರು. ಖಾರ್ತೂಮಿನ ಅದೇ ಗೆಳತಿ ಅದರ ಕೆಳಗೆ ಅರಬ್ಬಿಯಲ್ಲಿ ದೀರ್ಘವಾಗಿ ಬರೆದರು. ರಂಜಾನ್ ತಿಂಗಳ ಹಾಸ್ಯ ಧಾರಾವಾಹಿಗಳಲ್ಲಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಸುಡಾನಿನವರನ್ನು ಸೋಮಾರಿಗಳೆಂದು ಅಣಕಿಸುವುದು, ಈಜಿಪ್ಟಿನ ಹಳೆಯ ಸಿನಿಮಾಗಳಲ್ಲಿ ನೂಬಿಯನ್ ಎಂದರೆ ಬಾಗಿಲು ಕಾಯುವವನೇ ಆಗಿರುವುದು, ಆ ವಾರವೇ ಬೈರೂತಿನಲ್ಲಿ ಇಥಿಯೋಪಿಯಾದ ಮನೆಗೆಲಸದ ಹೆಣ್ಣುಮಕ್ಕಳನ್ನು ಮಾಲೀಕರು ಸಂಬಳವನ್ನೂ ಕೊಡದೆ ಅವರ ದೇಶದ ದೂತಾವಾಸದ ಮುಂದೆ ಬಿಟ್ಟುಹೋಗುತ್ತಿರುವುದು, ಇವೆಲ್ಲವನ್ನೂ ಸಾಲಾಗಿ ಹೇಳಿ, ಕೊನೆಗೆ ನಮ್ಮ ಗುಂಪಿನಲ್ಲೇ ಹಿಂದೆ ಬಂದಿದ್ದ ಐದು ಚಿತ್ರಗಳನ್ನು ಎತ್ತಿ ತೋರಿಸಿದ್ದರು. ಐದರಲ್ಲಿ ಒಂದು ನನ್ನ ಹಮಾಲಿಯ ಚಿತ್ರ.

ಆ ಬರಹವನ್ನು ಅಳಿಸಿದವಳು ನಾನು. ಮೂವರು ಅಡ್ಮಿನ್‌ಗಳು ಹತ್ತು ನಿಮಿಷ ಮಾತಾಡಿಕೊಂಡೆವು, "ಜಗಳ ಬೇಡ, ವಾತಾವರಣ ಕೆಡುತ್ತದೆ" ಎಂದು ತೀರ್ಮಾನಿಸಿದೆವು, ಬಟನ್ ಒತ್ತಿದ್ದು ನನ್ನ ಬೆರಳು. ಕಪ್ಪು ಬಳಿದುಕೊಂಡ ಚಿತ್ರ ಮಾತ್ರ ಅಲ್ಲೇ ಉಳಿಯಿತು. ಗೆಳತಿ ಗುಂಪು ಬಿಟ್ಟರು, ಅವರ ಹಿಂದೆ ಇನ್ನೂ ಆರು ಮಂದಿ ಬಿಟ್ಟರು. ಅದೇ ತಿಂಗಳು ನಾವು ಸುಡಾನಿನ ಹಿರಿಯ ಕಲಾವಿದ ಇಬ್ರಾಹಿಂ ಅಲ್ ಸಲಾಹಿಯವರ ಚಿತ್ರಗಳನ್ನು "ನಮ್ಮ ಅರಬ್ ಆಧುನಿಕ ಕಲೆಯ ಹೆಮ್ಮೆ" ಎಂಬ ತಲೆಬರಹದೊಡನೆ ಹಂಚಿಕೊಂಡೆವು. ಅರಬ್ಬಿ ಅಕ್ಷರಗಳ ಬಾಗು ಬಳುಕುಗಳನ್ನೂ ಆಫ್ರಿಕಾದ ಆಕೃತಿಗಳನ್ನೂ ಒಂದೇ ಗೆರೆಯಲ್ಲಿ ಬೆಸೆದವರು ಅವರು. 1975ರಲ್ಲಿ ಆರೋಪಪಟ್ಟಿಯೂ ಇಲ್ಲದೆ ತಮ್ಮದೇ ದೇಶದ ಕೋಬರ್ ಸೆರೆಮನೆಯಲ್ಲಿ ಆರು ತಿಂಗಳು ಕಳೆದವರು. 2013ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರ ಜೀವಮಾನದ ಕೆಲಸದ ದೊಡ್ಡ ಪ್ರದರ್ಶನ ನಡೆದಿತ್ತು. ಹೆಮ್ಮೆಪಡುವಾಗ ಸುಡಾನಿನವರು ನಮ್ಮ ಅರಬ್ಬರಾಗಿದ್ದರು. ದೂರು ಹೇಳಿದಾಗ ವಾತಾವರಣ ಕೆಡಿಸುವವರಾದರು.

ಆ ದಿನಗಳಲ್ಲಿ ಗುಂಪಿನಲ್ಲಿ ಕೇಳಿಬಂದ ಸಮರ್ಥನೆಗಳನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ಅವುಗಳಲ್ಲಿ ಕೆಲವನ್ನು ನಾನೂ ತಲೆದೂಗಿ ಒಪ್ಪಿದ್ದೆ. ಮೊದಲನೆಯದು ಬಿಲಾಲರ ಹೆಸರು. ಇಸ್ಲಾಮಿನ ಮೊದಲ ಮುಅಝ್ಝಿನ್, ಅಂದರೆ ನಮಾಜಿಗೆ ಕೂಗಿ ಕರೆಯುವವರು, ಆದ ಬಿಲಾಲ್ ಇಬ್ನ್ ರಬಾಹ್ ಅಬಿಸೀನಿಯಾ (ಇಂದಿನ ಇಥಿಯೋಪಿಯಾ) ಮೂಲದವರು, ದಾಸ್ಯದಿಂದ ಬಿಡುಗಡೆ ಪಡೆದವರು. ಅಂಥವರನ್ನು ತಲೆಯ ಮೇಲೆ ಹೊತ್ತ ಸಮುದಾಯದಲ್ಲಿ ಕಪ್ಪು ಜನರ ಬಗ್ಗೆ ತಿರಸ್ಕಾರ ಇರಲು ಹೇಗೆ ಸಾಧ್ಯ ಎಂದು ಕೇಳುತ್ತಿದ್ದರು. ಬಿಲಾಲರ ಬಗೆಗಿನ ಅವರ ಭಕ್ತಿ ನಿಜವಾದದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಒಬ್ಬ ಸೊಮಾಲಿ ಹುಡುಗ ಆಗ ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿದಿದೆ: ನನ್ನನ್ನು ಬೀದಿಯಲ್ಲಿ ಹೀಯಾಳಿಸುವವರೂ ಬಿಲಾಲರ ಹೆಸರನ್ನು ಹೇಳುತ್ತಾರೆ, ನಾನು ಅದನ್ನು ದೂರಿದಾಗ ಬಾಯಿ ಮುಚ್ಚಿಸುವವರೂ ಬಿಲಾಲರ ಹೆಸರನ್ನೇ ಹೇಳುತ್ತಾರೆ.

ಎರಡನೆಯದು 'ಅಬ್ದ್' ಎಂಬ ಪದದ ಸಮರ್ಥನೆ. ಕಪ್ಪು ಜನರನ್ನು ಅರಬ್ಬಿ ಆಡುಮಾತಿನಲ್ಲಿ ಅನೇಕ ಕಡೆ ಹಾಗೆ ಕರೆಯುತ್ತಾರೆ. ದಾಸ ಎಂದು ಅದರ ಅರ್ಥ. ಸಿರಿಯಾ, ಲೆಬನಾನ್ ಕಡೆಯ ಲೆವಂಟ್ ಪ್ರದೇಶದಲ್ಲಿ ಚಾಕೊಲೇಟ್ ಲೇಪಿಸಿದ ಮೆದು ಸಿಹಿಯೊಂದನ್ನು 'ರಾಸ್ ಅಲ್ ಅಬ್ದ್', ಅಂದರೆ ದಾಸನ ತಲೆ ಎಂದು ತಲೆಮಾರುಗಳಿಂದ ಕರೆದು ತಿಂದಿದ್ದಾರೆ. ಇದರಲ್ಲಿ ಕೆಟ್ಟದ್ದೇನಿದೆ, ಅಬ್ದುಲ್ಲಾ ಎಂಬ ಹೆಸರಿನಲ್ಲಿಯೂ ಅದೇ ಪದವಿದೆ, ನಾವೆಲ್ಲರೂ ದೇವರ ದಾಸರಲ್ಲವೇ ಎಂಬುದು ವಾದ. ಅರಬ್ಬಿ ಕಲಿಯಲು ಹೆಣಗಾಡಿದ ನನಗೆ ಇದರ ಉತ್ತರ ವ್ಯಾಕರಣದಲ್ಲೇ ಸಿಕ್ಕಿತು. 'ಅಬ್ದ್' ಪದಕ್ಕೆ ಬಳಕೆಯಲ್ಲಿರುವ ಮುಖ್ಯ ಬಹುವಚನ ಎರಡು. ದೇವರ ಸೇವಕರೆಂದು ಹೇಳುವಾಗ 'ಇಬಾದ್' ಎನ್ನುತ್ತಾರೆ. ಕೊಂಡುಕೊಂಡ ದಾಸರಿಗೆ 'ಅಬೀದ್' ಎನ್ನುತ್ತಾರೆ. ಬೀದಿಯಲ್ಲಿ ಕಪ್ಪು ಜನರ ಬೆನ್ನ ಹಿಂದೆ ಕೇಳಿಬರುವುದು ಎರಡನೆಯದು. ಜೆರುಸಲೇಮಿನ ಹಳೆಯ ನಗರದಲ್ಲಿ, ಅಲ್ ಅಕ್ಸಾ ಮಸೀದಿಯ ಹತ್ತಿರವೇ, ಆಫ್ರಿಕಾ ಮೂಲದ ಪ್ಯಾಲೆಸ್ಟೀನಿಯರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಅದೇ ಆಕ್ರಮಣ, ಅದೇ ಸೆರೆಮನೆ ಅವರದ್ದೂ ಆಗಿದ್ದರೂ ಈ ಪದ ಅವರ ಬೆನ್ನು ಬಿಟ್ಟಿಲ್ಲ. "ನಾವೇ ತುಳಿತಕ್ಕೊಳಗಾದವರು, ನಾವು ಇನ್ನೊಬ್ಬರನ್ನು ತುಳಿಯುವುದೆಲ್ಲಿಂದ ಬಂತು" ಎನ್ನುವವರು ಅವರ ಮಾತನ್ನೊಮ್ಮೆ ಕೇಳಬೇಕು.

ಇದೆಲ್ಲ ಅಮೆರಿಕದಿಂದ ಆಮದಾದ ಚರ್ಚೆ ಎಂಬುದು ಮೂರನೆಯ ಸಮರ್ಥನೆ. ಇದಕ್ಕೆ ಉತ್ತರ ಹುಡುಕಲು ನಾನು ಹೆಚ್ಚು ದೂರ ಹೋಗಬೇಕಾಗಿರಲಿಲ್ಲ. ದೋಹಾದ ಮ್ಶೈರಬ್‌ನಲ್ಲಿ ಬಿನ್ ಜಲ್ಮೂದ್ ಹೌಸ್ ಎಂಬ ವಸ್ತುಸಂಗ್ರಹಾಲಯ 2015ರಿಂದ ಇದೆ. ಹಿಂದೂ ಮಹಾಸಾಗರದ ದಾಸವ್ಯಾಪಾರವನ್ನು, ಅದರಲ್ಲಿ ಕೊಲ್ಲಿಯ ಪಾಲನ್ನು ಅದು ಮರೆಮಾಚದೆ ಹೇಳುತ್ತದೆ. ಅದನ್ನು ನೋಡಿ ಹೊರಬಂದಾಗ ನನ್ನ ಬಂದರಿನ ಚಿತ್ರದಲ್ಲಿ ನಾನು ಏನನ್ನು ಬರೆದಿದ್ದೆ ಎಂಬುದು ನನಗೆ ಮೊದಲ ಸಲ ಅರ್ಥವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಖರ್ಜೂರಕ್ಕೂ ಮುತ್ತಿಗೂ ಹೊರದೇಶಗಳಲ್ಲಿ ಬೇಡಿಕೆ ಏರಿದಂತೆ, ತೋಟಗಳಲ್ಲಿ ದುಡಿಯಲು ಮತ್ತು ಸಮುದ್ರಕ್ಕೆ ಧುಮುಕಿ ಮುತ್ತಿನ ಚಿಪ್ಪು ತೆಗೆಯಲು ಪೂರ್ವ ಆಫ್ರಿಕಾದಿಂದ ಹಿಡಿದು ತಂದ ಜನರ ಸಂಖ್ಯೆಯೂ ಏರಿತು. 1873ರಲ್ಲಿ ಜಂಜಿಬಾರಿನ ದಾಸರ ಸಂತೆ ಮುಚ್ಚಿದ ಮೇಲೂ ಕಳ್ಳದಾರಿಯಲ್ಲಿ ಹಡಗುಗಳು ಬರುತ್ತಲೇ ಇದ್ದವು. ನಾನು ಅಂದವಾಗಿ ಬರೆದ ಖರ್ಜೂರದ ಬುಟ್ಟಿಗಳು, ಕಣ್ಣಿಲ್ಲದ ಆ ಮನುಷ್ಯ, ಎರಡೂ ಒಂದೇ ಲೆಕ್ಕದ ಪುಸ್ತಕಕ್ಕೆ ಸೇರಿದವು. ದಾಸ್ಯವನ್ನು ಕಾನೂನಿನಿಂದ ಕೊನೆಗೊಳಿಸಿದ್ದು ಬಹರೇನ್ 1937ರಲ್ಲಿ, ಕತಾರ್ 1952ರಲ್ಲಿ, ಸೌದಿ ಅರೇಬಿಯಾ 1962ರಲ್ಲಿ, ಒಮಾನ್ 1970ರಲ್ಲಿ, ಮಾರಿಟೇನಿಯಾ 1981ರಲ್ಲಿ. ನಮ್ಮ ಗುಂಪಿನ ಕೆಲವರು ಹುಟ್ಟಿದ್ದು 1981ಕ್ಕೂ ಮೊದಲು.

ಇನ್ನೂ ಹಿಂದಕ್ಕೆ ಹೋದರೆ ಇರಾಕಿನ ಬಸ್ರಾ. ಅಲ್ಲಿನ ಜೌಗು ನೆಲದ ಮೇಲಿನ ಉಪ್ಪಿನ ಪದರವನ್ನು ಕೆತ್ತಿ ತೆಗೆಯುವ ಕೆಲಸಕ್ಕೆ ಹಚ್ಚಿದ್ದ 'ಝಂಜ್' ದಾಸರು, ಎಂದರೆ ಪೂರ್ವ ಆಫ್ರಿಕಾದವರು, 869ರಲ್ಲಿ ಬಂಡೆದ್ದು ಹದಿನಾಲ್ಕು ವರ್ಷ ಅಬ್ಬಾಸಿ ಸಾಮ್ರಾಜ್ಯವನ್ನು ನಡುಗಿಸಿದರು. ಅದೇ ಬಸ್ರಾದಲ್ಲಿ 2013ರಲ್ಲಿ ಕಪ್ಪು ಇರಾಕಿಗಳ ಹಕ್ಕಿಗಾಗಿ ಹೋರಾಡುತ್ತಿದ್ದ ಜಲಾಲ್ ದಿಯಾಬ್ ಅವರನ್ನು ಗುಂಡಿಟ್ಟು ಕೊಂದರು. ಬಾಗ್ದಾದಿನ ನಮ್ಮ ಗೆಳೆಯನೊಬ್ಬ, ಬಹಳ ಓದಿಕೊಂಡವನು, ಅವರ ಹೆಸರನ್ನೇ ಕೇಳಿರಲಿಲ್ಲ.

ಚಿತ್ರಕಾರರಾದ ನಮಗೆ ನಾಟುವ ಸಾಕ್ಷ್ಯ ಚಿತ್ರದಲ್ಲೇ ಇದೆ. 1237ರಲ್ಲಿ ಯಾಹ್ಯಾ ಅಲ್ ವಾಸಿತಿ ಎಂಬ ಕಲಾವಿದ ಹರೀರಿಯ 'ಮಕಾಮಾತ್' ಕಥೆಗಳ ಹಸ್ತಪ್ರತಿಗೆ ಬರೆದ ಚಿತ್ರಗಳು ಈಗ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅರಬ್ ಚಿತ್ರಕಲೆಯ ಪಾಠ ಶುರುವಾಗುವುದೇ ಅಲ್ಲಿಂದ. ಅದರಲ್ಲಿ ಒಂದು ಪುಟ ಯೆಮನ್ನಿನ ಝಬೀದ್ ಊರಿನ ದಾಸರ ಸಂತೆ. ಮೇಲ್ಭಾಗದಲ್ಲಿ ತಕ್ಕಡಿಯಲ್ಲಿ ನಾಣ್ಯ ತೂಗುತ್ತಿದ್ದಾರೆ. ಕೆಳಗೆ ಮಾರಾಟಕ್ಕೆ ಕೂರಿಸಿದ ಕಪ್ಪು ಮೈಬಣ್ಣದ ಜನ. ನಮ್ಮಲ್ಲಿ ಎಷ್ಟೋ ಮಂದಿ ಆ ಪುಟದ ಬಟ್ಟೆಯ ಮಡಿಕೆಗಳನ್ನು, ಬಣ್ಣದ ಹೊಂದಿಕೆಯನ್ನು ನಕಲು ಮಾಡಿ ಕಲಿತವರು. ಅಲ್ಲಿ ಮಾರಾಟವಾಗುತ್ತಿರುವವರು ಯಾರೆಂದು ನಮ್ಮ ಯಾವ ಅಭ್ಯಾಸ ಕೂಟದಲ್ಲಿಯೂ ಯಾರೂ ಕೇಳಿರಲಿಲ್ಲ. ಎಂಟು ಶತಮಾನಗಳ ಹಿಂದಿನ ಆ ಕಲಾವಿದ ಮಾರಾಟದ ಮನುಷ್ಯರಿಗೂ ಕಣ್ಣು ಬರೆದಿದ್ದಾನೆ ಎಂಬುದು ನನ್ನನ್ನು ಹೆಚ್ಚು ನೋಯಿಸಿತು.

ಈ ದಾರಿ ನಮ್ಮ ನೆಲಕ್ಕೂ ಬರುತ್ತದೆ. ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ದಾಸನಾಗಿ, ಅರಬ್ ದೇಶಗಳ ಸಂತೆಗಳಲ್ಲಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತದ ಸೂತ್ರ ಹಿಡಿದು ಮೊಗಲರನ್ನು ತಡೆದು ನಿಲ್ಲಿಸಿದ. ಅವನನ್ನು ಸೋಲಿಸಲಾರದ ಜಹಾಂಗೀರ, ಈಟಿಗೆ ಸಿಕ್ಕಿಸಿದ ಅಂಬರನ ತಲೆಗೆ ತಾನು ಬಾಣ ಹೂಡುತ್ತಿರುವಂತೆ ಆಸ್ಥಾನದ ಕಲಾವಿದ ಅಬುಲ್ ಹಸನ್‌ನಿಂದ ಚಿತ್ರ ಬರೆಸಿಕೊಂಡ. ಅಂಬರ್ ಮುಪ್ಪಿನವರೆಗೆ ಬದುಕಿ 1626ರಲ್ಲಿ ತೀರಿಕೊಂಡ. ಅವನ ತಲೆ ಉರುಳಿದ್ದು ಕಾಗದದ ಮೇಲೆ ಮಾತ್ರ. ಇದಕ್ಕೆ ಎದುರಾಗಿ ನಮ್ಮ ವಿಜಯಪುರದ ಚಿತ್ರಕಾರರು 1645ರ ಸುಮಾರಿಗೆ ಬರೆದ ಇನ್ನೊಂದು ಚಿತ್ರವಿದೆ: ಆನೆಯ ಮೇಲೆ ಸುಲ್ತಾನ ಮುಹಮ್ಮದ್ ಆದಿಲ್ ಶಾಹ, ಅವನ ಹಿಂದೆ ಹಬಶಿ, ಅಂದರೆ ಆಫ್ರಿಕಾ ಮೂಲದ, ಮಂತ್ರಿ ಇಖ್ಲಾಸ್ ಖಾನ್. ಇಖ್ಲಾಸ್ ಖಾನನ ಮುಖ ಒಬ್ಬ ನಿರ್ದಿಷ್ಟ ಮನುಷ್ಯನ ಮುಖ, ಗುರುತು ಹಿಡಿಯಬಲ್ಲಂಥದ್ದು. ಈ ಎರಡನ್ನೂ ನಾನು ಅಕ್ಕಪಕ್ಕ ಇಟ್ಟು ಎಷ್ಟೋ ರಾತ್ರಿ ನೋಡಿದ್ದೇನೆ.

ಈಗ ನನ್ನ ಮನೆಯ ಮಾತು. ಅರಬ್ಬರ ತಪ್ಪನ್ನು ಇಷ್ಟುದ್ದ ಬರೆದು ಇದನ್ನು ಬಿಟ್ಟರೆ ಬರೆದದ್ದಕ್ಕೆ ಅರ್ಥವಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನಲ್ಲಿ ಬದುಕುವ ಸಿದ್ದಿಗಳು ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಆಫ್ರಿಕಾದಿಂದ ತಂದ ಜನರ ಸಂತತಿ. ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದರು. ನಮ್ಮ ಅಡಿಕೆ ತೋಟದ ಕೆಲಸಕ್ಕೆ ನಾನು ಚಿಕ್ಕವಳಿದ್ದಾಗ ಸಿದ್ದಿಗಳು ಬರುತ್ತಿದ್ದರು. ಅವರ ಚಹಾ ಲೋಟಗಳು ಬೇರೆ ಇದ್ದವು. ಹಿತ್ತಿಲ ಕಟ್ಟೆಯ ಮೇಲೆ ಬೋರಲಾಗಿ ಇರುತ್ತಿದ್ದವು, ಕುಡಿದವರೇ ತೊಳೆದು ಮತ್ತೆ ಬೋರಲು ಹಾಕಬೇಕು. "ಅದನ್ನು ಮುಟ್ಟಡ" ಎಂದು ಆಯಿ ಹೇಳುತ್ತಿದ್ದಳು, ಬೇರೆಲ್ಲ ವಿಷಯದಲ್ಲಿ ಬಹಳ ಮೃದು ಮನಸ್ಸಿನ ನನ್ನ ಆಯಿ. ಶಾಲೆಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಒಬ್ಬಳು ಸಿದ್ದಿ ಹುಡುಗಿ ಕೂರುತ್ತಿದ್ದಳು. ಅವಳ ಗುಂಗುರು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ಅದು ಬೀಳುತ್ತದೆಯೋ ಇಲ್ಲವೋ ನೋಡುವುದು ನಮಗೆ ಆಟವಾಗಿತ್ತು. ಅವಳು ಕದಲದೆ ಕೂತಿರುತ್ತಿದ್ದಳು. ಪೆನ್ಸಿಲ್ ನನ್ನದೂ ಆಗಿತ್ತು. ಅವಳಿಗೆ ಚಿತ್ರ ಬರೆಯುವುದು ನನಗಿಂತ ಚೆನ್ನಾಗಿ ಬರುತ್ತಿತ್ತು ಎಂಬುದನ್ನೂ ಇಲ್ಲಿ ಬರೆಯುತ್ತೇನೆ. ಐದನೆಯ ತರಗತಿಯ ನಂತರ ಅವಳು ಶಾಲೆಗೆ ಬರಲಿಲ್ಲ.

ನಮ್ಮಲ್ಲೂ ಬಣ್ಣದ ವ್ಯಾಮೋಹ ಇದೆ, ಕಪ್ಪಗಿರುವ ನಮ್ಮ ಹೆಣ್ಣುಮಕ್ಕಳೂ ಮಾತು ಕೇಳುತ್ತಾರೆ, ಆದ್ದರಿಂದ ಇದು ಎಲ್ಲರ ಕಷ್ಟ ಎಂದು ನಾನು ಗುಂಪಿನಲ್ಲಿ ಒಮ್ಮೆ ವಾದಿಸಿದ್ದೆ. ಕೊಲ್ಲಿಯಲ್ಲಿ ಭಾರತೀಯರು ಅನುಭವಿಸುವ ತಾತ್ಸಾರವನ್ನೂ ಎದುರಿಗಿಟ್ಟಿದ್ದೆ. ಆಗ ಖಾರ್ತೂಮಿನ ಗೆಳತಿ ನನ್ನನ್ನು ಬೆಂಗಳೂರಿನ ಬಗ್ಗೆ ಕೇಳಿದ್ದರು. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಒಬ್ಬ ಮಹಿಳೆ ಸತ್ತಾಗ, ನಂತರ ಆ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಜನ ಮುಗಿಬಿದ್ದು ಹಲ್ಲೆ ಮಾಡಿ, ಅವಳು ಬಂದ ಕಾರಿಗೆ ಬೆಂಕಿ ಹಚ್ಚಿದ್ದರು. ಗೆಳತಿಯ ಸಂಬಂಧಿಕ ಹುಡುಗನೊಬ್ಬ ಆಗ ಬೆಂಗಳೂರಿನಲ್ಲಿ ಓದುತ್ತಿದ್ದ. ಎಂಟು ದಿನ ಕೋಣೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅರಬ್ಬನೊಬ್ಬ ನನ್ನನ್ನು ಕೀಳಾಗಿ ಕಂಡದ್ದು ನಿಜ; ನಾನು ಒಬ್ಬಳ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದ್ದೂ ನಿಜ. ಮೊದಲನೆಯದರಿಂದ ಎರಡನೆಯದನ್ನು ಕಳೆಯಲು ಬರುವುದಿಲ್ಲ.

2023ರ ಏಪ್ರಿಲ್ 15ರಂದು ಖಾರ್ತೂಮಿನಲ್ಲಿ ಯುದ್ಧ ಶುರುವಾಯಿತು. ಗೆಳತಿಯ ಕುಟುಂಬ ಮನೆ, ಸ್ಟುಡಿಯೋ, ಮೂವತ್ತು ವರ್ಷಗಳ ಚಿತ್ರಗಳನ್ನು ಬಿಟ್ಟು ಬಸ್ಸಿನಲ್ಲಿ ಈಜಿಪ್ಟಿನ ಗಡಿಗೆ ಹೊರಟಿತು. ನಮ್ಮ ಗುಂಪಿಗೆ ಏನಾದರೂ ಮಾಡಬೇಕೆನಿಸಿತು: ಸುಡಾನಿನ ನಿರಾಶ್ರಿತರಿಗಾಗಿ ಚಿತ್ರಗಳನ್ನು ಮಾರಿ ಹಣ ಕೂಡಿಸೋಣ, ಆ ಗೆಳತಿಯನ್ನೇ ಮುಂದಾಳಾಗಲು ಕೇಳೋಣ ಎಂದರು. ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಕೈರೋದಿಂದ ಅವರು ಕಳಿಸಿದ ಉತ್ತರ ಚಿಕ್ಕದು. "ಹಣ ಕೂಡಿಸಿ, ಅದಕ್ಕೆ ನನ್ನ ಅನುಮತಿ ಬೇಕಿಲ್ಲ. ನನ್ನ ಹೆಸರು ಬೇಕಿದ್ದರೆ, 2020ರಲ್ಲಿ ನಾನು ಬರೆದದ್ದನ್ನು ಮೊದಲು ಅದೇ ಜಾಗದಲ್ಲಿ ಮತ್ತೆ ಇಡಿ."

ಅಳಿಸಿದ ಬರಹ ಅಡ್ಮಿನ್‌ಗಳ ದಾಖಲೆಯಲ್ಲಿ ಹಾಗೆಯೇ ಇತ್ತು. ಅದನ್ನು ಮತ್ತೆ ಇಡಲು ನಮಗೆ ನಲವತ್ತು ದಿನ ಹಿಡಿಯಿತು. ಅದರಲ್ಲಿ ಹೆಚ್ಚಿನ ದಿನಗಳು ಹೋದದ್ದು ಜೊತೆಗೆ ಬರೆಯಬೇಕಾದ ನಮ್ಮ ಹೇಳಿಕೆಯ ಮೇಲೆ. ಮೊದಲ ಕರಡು "ಯಾರಿಗಾದರೂ ನೋವಾಗಿದ್ದರೆ" ಎಂದು ಶುರುವಾಗಿತ್ತು. ನೋವಾದವರು ಯಾರೆಂದು ನಮಗೆ ಹೆಸರು ಸಮೇತ ಗೊತ್ತಿದ್ದಾಗ ಆ 'ರೆ' ಏಕೆ ಎಂದು ಟ್ಯೂನಿಸ್‌ನ ಸದಸ್ಯೆಯೊಬ್ಬಳು ಕೇಳಿದಳು. ಎರಡನೆಯ ಕರಡಿನಲ್ಲಿ ಈ ಮೂರು ವರ್ಷಗಳಲ್ಲಿ ನಾವು ಎಷ್ಟು ಕಲಿತೆವು, ಎಷ್ಟು ಬೆಳೆದೆವು ಎಂಬ ಎರಡು ಪುಟ ಇತ್ತು. ಅದನ್ನು ಬರೆದವಳು ನಾನೇ, ರಾತ್ರಿಯಿಡೀ ಅತ್ತುಕೊಂಡು ಬರೆದಿದ್ದೆ. ಅದೇ ಸದಸ್ಯೆ ಅದನ್ನು ಓದಿ ನನಗೆ ತನ್ನ ದೇಶದ ಒಂದು ಸಂಗತಿ ಹೇಳಿದಳು. ಟ್ಯುನೀಶಿಯಾ 1846ರಲ್ಲೇ ದಾಸ್ಯವನ್ನು ರದ್ದು ಮಾಡಿದ ದೇಶ. ಆದರೂ ದಾಸರಾಗಿದ್ದವರ ವಂಶಸ್ಥರ ಗುರುತಿನ ಚೀಟಿಗಳಲ್ಲಿ 'ಅತೀಗ್', ಅಂದರೆ ಇಂಥವರಿಂದ ಬಿಡುಗಡೆ ಹೊಂದಿದವನು ಎಂಬ ಪದ ಉಳಿದುಕೊಂಡೇ ಬಂದಿತ್ತು. ಜನಾಂಗ ತಾರತಮ್ಯವನ್ನು ಶಿಕ್ಷಾರ್ಹಗೊಳಿಸಿದ ಕಾನೂನು 2018ರಲ್ಲಿ ಬಂದ ನಂತರ, 2020ರಲ್ಲಿ 81 ವರ್ಷದ ಮುದುಕರೊಬ್ಬರು ನ್ಯಾಯಾಲಯಕ್ಕೆ ಹೋಗಿ ತಮ್ಮ ಹೆಸರಿನಿಂದ ಆ ಪದವನ್ನು ತೆಗೆಸಿದರು. "ಅವರಿಗೆ ಬೇಕಾಗಿದ್ದದ್ದು ಕಾಗದದಲ್ಲಿ ತಿದ್ದುಪಡಿ. ಯಾರು ಎಷ್ಟು ಅತ್ತರು ಎಂಬ ವರದಿ ಬೇಕಾಗಿರಲಿಲ್ಲ" ಎಂದಳು. ಅವಳ ದೇಶದ ಅಧ್ಯಕ್ಷರು ಸಹಾರಾದ ದಕ್ಷಿಣದಿಂದ ಬಂದ ವಲಸಿಗರ ವಿರುದ್ಧ ಮಾತಾಡಿ, ಬೀದಿಗಳಲ್ಲಿ ಕಪ್ಪು ಜನರ ಮೇಲೆ ಹಲ್ಲೆಗಳಾದದ್ದು ಅದೇ 2023ರ ಫೆಬ್ರವರಿಯಲ್ಲಿ. ಆ ನೋವು ಅವಳ ಮಾತಿನಲ್ಲಿತ್ತು.

ಮೂರನೆಯ ಕರಡು ಅರ್ಧ ಪುಟ. ಯಾವ ದಿನ, ಯಾರ ಬರಹ, ಯಾರು ತೀರ್ಮಾನಿಸಿದರು, ಯಾರು ಅಳಿಸಿದರು, ಆ ಬರಹದಲ್ಲಿ ತೋರಿಸಿದ ಐದು ಚಿತ್ರಗಳು ಯಾರವು, ಅವುಗಳ ಬಗ್ಗೆ ಏನು ಮಾಡಲಾಗುವುದು. ಕ್ಷಮೆ ಕೇಳಿದೆವು, ಉತ್ತರ ಕೊಡುವ ಹೊರೆ ಅವರ ಮೇಲೆ ಇಲ್ಲ ಎಂದು ಬರೆದೆವು. ಅವರ ಬರಹ 2020ರ ಅದೇ ಚಿತ್ರದ ಕೆಳಗೆ, ಅದೇ ಮಾತುಗಳಲ್ಲಿ ಮತ್ತೆ ಬಂತು. ನಾನು ಅಡ್ಮಿನ್ ಸ್ಥಾನ ಬಿಟ್ಟೆ. ಹನ್ನೆರಡು ಮಂದಿ ಗುಂಪನ್ನೇ ಬಿಟ್ಟರು. ಅವರಲ್ಲಿ ಒಬ್ಬಳು ನನಗೆ ಬಹಳ ಹತ್ತಿರದವಳು, ಇಂದಿಗೂ ಮಾತಾಡಿಸುವುದಿಲ್ಲ. ಖಾರ್ತೂಮಿನ ಗೆಳತಿ ಗುಂಪಿಗೆ ಮರಳಿ ಸೇರಲಿಲ್ಲ. ಹಣ ಕೂಡಿಸಲು ತಮ್ಮ ಹೆಸರು ಕೊಟ್ಟರು, ಅಷ್ಟೇ. ಈ ಬರಹವನ್ನು ಅವರಿಗೆ ಮೊದಲು ಕಳಿಸಿದ್ದೆ. ಎರಡು ವಾಕ್ಯ ತೆಗೆಯಲು ಹೇಳಿದರು, ತೆಗೆದಿದ್ದೇನೆ.

ಆಮೇಲೆ ಉಳಿದದ್ದು ಕೈಕೆಲಸ. ಹೊಸಬರಿಗೆಂದು ನಮ್ಮ ಗುಂಪು ಹಂಚುತ್ತಿದ್ದ 'ಚರ್ಮದ ಬಣ್ಣಗಳು' ಎಂಬ ಪ್ಯಾಲೆಟ್‌ನಲ್ಲಿ ಇಪ್ಪತ್ನಾಲ್ಕು ಬಣ್ಣಗಳಿದ್ದವು. ಅತಿ ಗಾಢವಾದದ್ದು ಒದ್ದೆ ಮರಳಿನಷ್ಟು. ಅದಕ್ಕಿಂತ ಗಾಢ ಮೈಬಣ್ಣ ಬೇಕಾದವರು ಅದಕ್ಕೇ ಕಪ್ಪು ಬೆರೆಸುತ್ತಿದ್ದರು. ಕಪ್ಪು ಬೆರೆಸಿದರೆ ಚರ್ಮದ ಜೀವ ಹೋಗಿ ಬೂದಿಯ ಬಣ್ಣ ಬರುತ್ತದೆ. ಗಾಢ ಚರ್ಮ ಬೆಳಕನ್ನೆಲ್ಲ ನುಂಗಿಬಿಡುವುದಿಲ್ಲ, ಹಿಂದಕ್ಕೂ ಕೊಡುತ್ತದೆ: ಹಣೆಯ ಮೇಲೆ ಆಕಾಶದ ನೀಲಿ, ಕೆನ್ನೆಯ ಏರಿನಲ್ಲಿ ಸಂಜೆಯ ತಾಮ್ರ, ಗಲ್ಲದ ಕೆಳಗೆ ನೆಲದಿಂದ ಬಂದ ಕೆಂಪು. ನೂಬಿಯನ್ ಚಿತ್ರಕಾರನೊಬ್ಬ, ಕಲಿಸುವ ಸಂಭಾವನೆಯನ್ನು ಮೊದಲೇ ಮಾತಾಡಿಕೊಂಡು, ನಮಗೆ ಇದನ್ನು ಆರು ವಾರ ಕಲಿಸಿದ. ನೆರಳಿಗೆ ಕಪ್ಪು ಬಿಟ್ಟು ಕಡುನೀಲಿಯನ್ನೂ ಸುಟ್ಟ ಮಣ್ಣಿನ ಕಂದು ಬಣ್ಣವನ್ನೂ ಬೆರೆಸಲು ಹೇಳಿಕೊಟ್ಟ. ಇಪ್ಪತ್ತು ವರ್ಷ ಬಣ್ಣದಲ್ಲಿ ಕೈ ಅದ್ದಿದವಳು ನಾನು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಕಲಿಯಬೇಕೆಂದು ಕೇಳಿರಲಿಲ್ಲ.

ಹಮಾಲಿಯನ್ನು ಮತ್ತೆ ಬರೆಯಲು ನಾಲ್ಕು ತಿಂಗಳು ಬೇಕಾಯಿತು. ಕಣ್ಣನ್ನು ಸೇರಿಸಿದರೆ ಮುಗಿಯುತ್ತದೆ ಎಂದುಕೊಂಡಿದ್ದೆ. ಕಣ್ಣು ಬರೆದ ಕೂಡಲೇ ಅವನು ಏನನ್ನು ನೋಡುತ್ತಿದ್ದಾನೆ ಎಂಬ ಪ್ರಶ್ನೆ ಬಂತು. ಮೂಟೆಯ ಭಾರಕ್ಕೆ ಕುತ್ತಿಗೆಯ ನರ ಎಲ್ಲಿ ಉಬ್ಬುತ್ತದೆ, ವಯಸ್ಸೆಷ್ಟು, ಈ ಬಂದರಿಗೆ ಬಂದು ಎಷ್ಟು ಕಾಲವಾಯಿತು ಎಂಬುದನ್ನೆಲ್ಲ ತಿಳಿಯದೆ ಮುಖ ಮೂಡಲಿಲ್ಲ. ಅವನನ್ನು ಚಿತ್ರದ ತುದಿಯಲ್ಲಿ ಇಡಲೂ ಆಗಲಿಲ್ಲ. ಈಗ ಅವನು ಮೂಟೆಯನ್ನು ಇಳಿಸಿ, ತಕ್ಕಡಿಯ ಮುದುಕನ ಎದುರು ನಿಂತು, ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದಾನೆ.

2019ರ ಆ ಕಿರುಪುಸ್ತಕದ 150 ಪ್ರತಿಗಳನ್ನು ಮಾರಿದ್ದೆವು. ಕೊಂಡವರ ಪಟ್ಟಿಯನ್ನು ಹಿಡಿದು ಒಬ್ಬೊಬ್ಬರಿಗೂ ಬರೆಯುತ್ತಿದ್ದೇನೆ: ನಡುಪುಟದಲ್ಲಿ ಏನು ತಪ್ಪಾಗಿದೆ, ಅದು ಯಾರ ತಪ್ಪು, ಹೊಸ ಪುಟವನ್ನು ಕಳಿಸಲು ವಿಳಾಸ ಕೊಡುವಿರಾ ಎಂದು. ಇದುವರೆಗೆ ಮೂವತ್ತೊಂದು ಮಂದಿ ವಿಳಾಸ ಕಳಿಸಿದ್ದಾರೆ. ನಾಳೆ ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಬೇಕಾದ ಏಳು ಲಕೋಟೆಗಳು ನನ್ನ ಮೇಜಿನ ಮೇಲಿವೆ. ಅವುಗಳಲ್ಲಿ ಒಂದು ಯಲ್ಲಾಪುರಕ್ಕೆ, ಆಯಿಯ ಹೆಸರಿಗೆ.